ಎದುರು ನಿಂತು ಕೈ ಹಿಡಿದವರು

ಮೈಸೂರು
೧೦ ಜೂನ್ ೨೦೨೪

ಸೌಭಾಗ್ಯವತಿ ವಾರಿಜಾ ಅವರಿಗೆ,

ಕೌಸಲ್ಯಾ ಮಾಡುವ ನಮಸ್ಕಾರಗಳು. ನಾವಿಲ್ಲಿ ಕ್ಷೇಮ. ಈ ಕಾಲದಲ್ಲೂ ಕಾಗದ ಬರೆಯುವವರು ಇದ್ದಾರಾ ಎಂದು ನೀವು ನಗಬಹುದು. ನಿವೃತ್ತಿಯವರೆಗೂ ಅಂಚೆ ಕಚೇರಿಯ ಕಿಟಕಿಯ ಹಿಂದೆ ಕೂತವಳು ನಾನು, ನನಗೆ ಇದೇ ಸಲೀಸು. ಅದೂ ಅಲ್ಲದೆ ನಿಮಗೆ ಫೋನ್ ಮಾಡಿದರೆ ಧಾತ್ರಿ ಸ್ಪೀಕರಿಗೆ ಹಾಕುತ್ತಾಳೆ, ವಾಟ್ಸಾಪ್ ಕಳಿಸಿದರೆ ನಿಮಗಿಂತ ಮೊದಲು ಅಳಿಯಂದಿರು ಓದುತ್ತಾರೆ. ಇದು ನಾವಿಬ್ಬರು ಬೀಗಿತ್ತಿಯರ ನಡುವೆಯೇ ಇರಬೇಕಾದ ಮಾತು. ಅದಕ್ಕೇ ನಿಮ್ಮ ಹೋಟೆಲಿನ ವಿಳಾಸಕ್ಕೆ ಹಾಕಿದ್ದೇನೆ.

ಮೊನ್ನೆ ಧಾತ್ರಿ ಅವಳ ತಂಗಿ ಆರ್ಯಳಿಗೆ ಕಳಿಸಬೇಕಾದ ಒಂದು ವಿಡಿಯೋ ಕೈತಪ್ಪಿ ನನಗೆ ಬಂತು. ಕೂಡಲೇ ಅಳಿಸಿದಳು, ಆದರೆ ನಾನು ನೋಡಿ ಆಗಿತ್ತು. ಅಂಧೇರಿಯ ಯಾವುದೋ ದೊಡ್ಡ ಕೋಣೆ. ಸುತ್ತ ಬಸುರಿಯರು. ನಡುವೆ ನನ್ನ ಮಗಳು ಯಾರದೋ ಕೈ ಹಿಡಿದುಕೊಂಡು ಕುಕ್ಕರಗಾಲಲ್ಲಿ ಕೂತು ಏಳುತ್ತಿದ್ದಾಳೆ! ಎದುರಿದ್ದವರ ಮುಖ ಇಲ್ಲ, ಎರಡು ಕೈ ಮಾತ್ರ.

ನಾಲ್ಕು ವರ್ಷ ಕಾದು, ಯಾವ್ಯಾವ ಆಸ್ಪತ್ರೆಯ ಬಾಗಿಲಲ್ಲೋ ಕೂತು ಎದ್ದು ಬಂದ ಬಸಿರು ಇದು. ಐದು ತಿಂಗಳು ತುಂಬಿದೆ. ಬೊರಿವಲಿಯಿಂದ ಅಂಧೇರಿಗೆ ಲೋಕಲ್‌ನಲ್ಲಿ ನೇತಾಡಿಕೊಂಡು ಹೋಗಿ ಬರುವುದೇ ಸಾಲದೆ, ಮೇಲೆ ಕಸರತ್ತೂ ಬೇಕೆ? ನಮ್ಮಲ್ಲಿ ಬಸುರಿ ಎಂದರೆ ಕಾಲು ನೀಡಿ ಕೂತು ಬೇಕೆನಿಸಿದ್ದನ್ನು ಕೇಳಿ ತಿನ್ನುವವಳು. ದಯವಿಟ್ಟು ನಿಲ್ಲಿಸಿ. ನಿಮ್ಮ ಮಾತೆಂಬಂತೆ ಹೇಳಿ, ನನ್ನ ಹೆಸರು ಎತ್ತಬೇಡಿ. ಸೀಮಂತ ಮುಗಿಸಿ ನಾನೇ ಅವಳನ್ನು ಕರೆತರುತ್ತೇನೆ. ಬಚ್ಚಲ ಹಂಡೆಯನ್ನು ಈಗಲೇ ಉಜ್ಜಿಸಿಟ್ಟಿದ್ದೇನೆ.

ಇತಿ,
ಕೌಸಲ್ಯಾ ತಿರುಮಲೇಶ


ಬೊರಿವಲಿ, ಮುಂಬಯಿ
೨೪ ಜೂನ್ ೨೦೨೪

ಕೌಸಲ್ಯಾ ಅವರಿಗೆ,

ನಿಮ್ಮ ಕಾಗದ ಹೋಟೆಲಿಗೆ ಬಂದಾಗ ಯಜಮಾನರು ತೆರಿಗೆಯವರ ನೋಟಿಸೆಂದು ಹೆದರಿ, ಕೈ ತೊಳೆದು ದೇವರ ಪಟದ ಮುಂದೆ ಇಟ್ಟಿದ್ದರು. ಒಡೆದು ನೋಡಿದರೆ ಬೀಗಿತ್ತಿಯದು! ನನ್ನ ಹೆಸರಿಗೆ ಕಾಗದ ಬಂದು ಎಷ್ಟು ಕಾಲವಾಯಿತೋ. ಅಕ್ಷರ ತಪ್ಪಿದರೆ ನಗಬೇಡಿ, ಮದುವೆಯಾಗಿ ಮುಂಬಯಿಗೆ ಬಂದ ಮೇಲೆ ಕನ್ನಡದಲ್ಲಿ ನಾನು ಬರೆದದ್ದು ತಿಂಡಿಯ ಬೋರ್ಡು ಮಾತ್ರ.

ನಿಮ್ಮ ಹೆದರಿಕೆ ನನಗೂ ಇತ್ತು. ನಾನು ಸುಮ್ಮನೆ ಕೂರುವ ಜಾತಿಯವಳಲ್ಲ, ನೇರ ಡಾಕ್ಟರಮ್ಮನ ಹತ್ತಿರ ಹೋಗಿ ಕೇಳಿದೆ. ರಕ್ತ ಕಾಣಿಸಿಲ್ಲ, ಬಿಪಿ ಸರಿ ಉಂಟು, ಮಗು ಸರಿಯಾಗಿ ಬೆಳೆಯುತ್ತಾ ಉಂಟು. ಹಾಗಾಗಿ ನಡೆಯುವುದು, ಉಸಿರಿನ ಅಭ್ಯಾಸ, ಕಾಲಿಗೆ ಬಲ ಬರುವ ವ್ಯಾಯಾಮ ಎಲ್ಲ ಒಳ್ಳೆಯದೇ ಅಂತ. ಸೊಂಟನೋವು ಇಳಿಯುತ್ತದೆ, ಸಕ್ಕರೆ ಏರುವುದಿಲ್ಲ, ಹೆರಿಗೆಯ ಹೊತ್ತಿಗೆ ದಮ್ಮು ಇರುತ್ತದೆ ಎಂದರು. ಎಲ್ಲ ಬಸುರಿಗೂ ಒಂದೇ ಅಲ್ಲ, ಬೇಡ ಎಂದ ದಿನ ಬೇಡ ಎಂದೂ ಹೇಳಿದರು. ಕ್ಲಾಸಿನ ಶುಭಾ ಮೇಡಂ ಫಿಸಿಯೋಥೆರಪಿ ಕಲಿತವರು, ಮುಖ ಕೆಂಪಾದರೂ ಕೂರಿಸಿಬಿಡುತ್ತಾರೆ.

ಜೊತೆಗೆ ಮನೆಯವರು ಒಬ್ಬರು ಇರಲೇಬೇಕಂತೆ. ಮೊದಲ ಶನಿವಾರ ಹಿತೇಶ ಹೋದ. ಹೆರಿಗೆಯ ಸಿನಿಮಾ ತೋರಿಸಿದರು. ಅರ್ಧದಲ್ಲೇ ಇವನು ಕುರ್ಚಿಯಿಂದ ಜಾರಿ, ಬಸುರಿಯರೆಲ್ಲ ಸೇರಿ ಇವನಿಗೆ ಗ್ಲೂಕೋಸ್ ಕುಡಿಸಿದರು! ಈಗ ಬೇರೆ ಏನೋ ವ್ಯವಸ್ಥೆ ಆಗಿದೆ, ನೀವು ಚಿಂತೆ ಮಾಡಬೇಡಿ. ನಿಲ್ಲಿಸಲು ಮಾತ್ರ ನಾನು ಹೇಳಲಾರೆ. ಕ್ಲಾಸಿನಿಂದ ಬಂದ ದಿನ ಅವಳು ಚೆನ್ನಾಗಿ ನಿದ್ದೆ ಮಾಡುತ್ತಾಳೆ.

ನಿಮ್ಮ,
ವಾರಿಜಾ


ಮೈಸೂರು
೫ ಜುಲೈ ೨೦೨೪

ವಾರಿಜಾ ಅವರಿಗೆ,

ಕಾಗದ ತಲುಪಿತು. ಡಾಕ್ಟರೇ ಹೇಳಿದ ಮೇಲೆ ನಾನು ಹೇಳುವುದಕ್ಕೆ ಏನೂ ಉಳಿದಿಲ್ಲ.

ಆದರೆ ‘ಏನೋ ವ್ಯವಸ್ಥೆ’ ಎಂದರೇನು? ಕೂಲಿಗೆ ಆಯಾ ಇಟ್ಟಿದ್ದೀರಾ? ನನ್ನ ಮಗಳು ಮೈಭಾರವನ್ನೆಲ್ಲ ಬಾಡಿಗೆ ಕೈಗೆ ಕೊಟ್ಟು ಕೂರುತ್ತಾಳೆಯೇ? ತಾಯಿ ನಾನಿನ್ನೂ ಗಟ್ಟಿಯಾಗಿದ್ದೇನೆ. ಒಂದು ಮಾತು ಕೇಳಿದ್ದರೆ ಬರುತ್ತಿದ್ದೆ. ಅವಳೂ ಕೇಳಲಿಲ್ಲ, ನೀವೂ ಹೇಳಲಿಲ್ಲ.

ಅದೇನು ಅಂಥ ವಿದ್ಯೆಯೋ, ನಾನೂ ಒಮ್ಮೆ ನೋಡಿಯೇಬಿಡುತ್ತೇನೆ.

ಕೌಸಲ್ಯಾ


ಬೊರಿವಲಿ
೨೮ ಜುಲೈ ೨೦೨೪

ಕೌಸಲ್ಯಾ ಅವರಿಗೆ,

ಈ ನಡುವೆ ಎರಡು ಸಲ ಫೋನ್ ಮಾಡಿದೆ. ಬೀಗರು ಎತ್ತಿ ‘ಮಲಗಿದ್ದಾಳೆ’ ಎಂದರು. ಹಗಲು ಹನ್ನೊಂದಕ್ಕೆ ಮಲಗುವವರು ನೀವಲ್ಲ. ಕೋಪ ಬಂದಿದೆ ಎಂದು ತಿಳಿದುಕೊಂಡೆ.

ಆಗಸ್ಟ್ ಹದಿನೆಂಟರ ಭಾನುವಾರ ಮಾಟುಂಗದಲ್ಲಿ ಸೀಮಂತಕ್ಕೆ ಹಾಲ್ ಗೊತ್ತುಮಾಡಿದ್ದೇವೆ. ಅಡಿಗೆ ನಮ್ಮದೇ. ನಿಮ್ಮ ಕಡೆಯ ಶಾಸ್ತ್ರ ನೀವೇ ಬಂದು ಮಾಡಬೇಕು, ನನಗೆ ನಮ್ಮ ಬಯಕೆ ಶಾಸ್ತ್ರ ಮಾತ್ರ ಗೊತ್ತು.

ಇನ್ನೊಂದು ಮಾತು, ಬೇಸರ ಮಾಡಿಕೊಳ್ಳಬೇಡಿ. ಧಾತ್ರಿ ಹೆರಿಗೆಯನ್ನು ಇಲ್ಲೇ ಮಾಡಿಸಿಕೊಳ್ಳುತ್ತಾಳಂತೆ. ಮೊದಲಿಂದ ನೋಡಿದ ಡಾಕ್ಟರು ಇಲ್ಲೇ ಇದ್ದಾರಲ್ಲ ಎನ್ನುತ್ತಾಳೆ. ಹೆರಿಗೆ ತವರಿನ ಹಕ್ಕು, ನನಗೆ ಗೊತ್ತಿಲ್ಲದ್ದೇನೂ ಅಲ್ಲ. ನಾನು ಅವಳಿಗೆ ಏನೂ ತಲೆ ತುಂಬಿಲ್ಲ. ಬನ್ನಿ, ಎದುರು ಕೂತು ಬೈಯಿರಿ.

ವಾರಿಜಾ


ಮೈಸೂರು
೮ ಆಗಸ್ಟ್ ೨೦೨೪

ವಾರಿಜಾ ಅವರಿಗೆ,

ನನಗೆ ವೈರಲ್ ಜ್ವರ. ಬಸುರಿಗೆ ತಗುಲಬಾರದು. ಸೀಮಂತಕ್ಕೆ ಇವರೊಬ್ಬರೇ ಬರುತ್ತಾರೆ. ಹಸಿರು ಸೀರೆ, ಬಳೆ ಕಳಿಸಿದ್ದೇನೆ. ನನ್ನ ಬದಲು ನೀವೇ ತೊಡಿಸಿ.

ಹೆರಿಗೆ ಎಲ್ಲಿ ಆದರೇನು, ಸುಖವಾಗಿ ಆಗಲಿ.

ಕೌಸಲ್ಯಾ


ಬೊರಿವಲಿ
೨೨ ಆಗಸ್ಟ್ ೨೦೨೪

ಕೌಸಲ್ಯಾ ಅವರಿಗೆ,

ಸೀಮಂತ ಚಂದ ಆಯಿತು. ಬೀಗರು ಮೂರು ಹೋಳಿಗೆ ತಿಂದರು. ಹೆಂಡತಿಗೆ ಜ್ವರ ಹೇಗಿದೆ ಎಂದು ಕೇಳಿದರೆ ನಾಲ್ಕನೆಯದಕ್ಕೆ ಕೈ ಹಾಕಿದರು. ಹತ್ತು ದಿನ ಮೊದಲೇ ‘ಆ ದಿನ ನನಗೆ ಜ್ವರ ಇರುತ್ತದೆ’ ಎಂದು ಬರೆದವರನ್ನು ನಾನು ಇದೇ ಮೊದಲು ನೋಡಿದ್ದು.

ನನ್ನದು ನೇರ ಬಾಯಿ, ಹೇಳಿಬಿಡುತ್ತೇನೆ. ಹೋಟೆಲಿನವರ ಮನೆ ಎಂದು ಬರಲಿಲ್ಲವೇ? ಮದುವೆಯಲ್ಲಿ ನೀವು ಸರಿಯಾಗಿ ಊಟ ಮಾಡದ್ದನ್ನು ನಾನು ಕಂಡಿದ್ದೆ, ಬಾಯಿ ಬಿಟ್ಟಿರಲಿಲ್ಲ. ನನಗೆ ಬೇಸರ ಆದರೆ ಹೋಗಲಿ. ಆ ಹುಡುಗಿ ಎಲ್ಲರೆದುರು ನಗುತ್ತಾ ಕೂತು, ಆಮೇಲೆ ಬಾತ್‌ರೂಮಿನಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತಳು. ಹೊರಗೆ ಬಂದಾಗ ಕಣ್ಣು ಕೆಂಪು. ‘ಎಂತಾಯ್ತು ಮಗಾ?’ ಎಂದೆ. ‘ಏನಿಲ್ಲ ಅತ್ತೆ, ಮಾಟುಂಗದ ಧೂಳು’ ಎಂದಳು.

ಬಾಡಿಗೆ ಕೈ ಎಂದು ಬರೆದಿದ್ದಿರಲ್ಲ, ಅದಕ್ಕೂ ಉತ್ತರ ಇಲ್ಲಿದೆ. ಆ ಕೈ ನನ್ನದು. ಪ್ರತಿ ಶನಿವಾರ ಹೋಟೆಲಿನ ಹಿಟ್ಟು ರುಬ್ಬುವುದನ್ನು ಬೇರೆಯವರಿಗೆ ಬಿಟ್ಟು, ಲೋಕಲ್ ರೈಲಿನ ಲೇಡೀಸ್ ಡಬ್ಬಿ ಹತ್ತಿ, ಅವಳ ಎದುರು ನಿಂತು, ಎರಡೂ ಕೈ ಹಿಡಿದು ಕೂರಿಸಿ ಏಳಿಸುತ್ತೇನೆ. ಮೊದಲೇ ಹೇಳಿದರೆ ತಾಯಿಯ ಜಾಗ ಕಿತ್ತುಕೊಂಡೆ ಎಂದುಕೊಳ್ಳುತ್ತೀರೆಂದು ಹೇಳಲಿಲ್ಲ. ಈಗ ಏನು ಬೇಕಾದರೂ ಅಂದುಕೊಳ್ಳಿ.

ವಾರಿಜಾ


ಮೈಸೂರು
೨ ಸೆಪ್ಟೆಂಬರ್ ೨೦೨೪

ಪ್ರಿಯ ವಾರಿಜಾ,

ಕಾಗದ ಓದಿ ಅತ್ತೆ. ಆಮೇಲೆ ಜ್ವರದ ಮಾತು ನೆನೆಸಿಕೊಂಡು ನಕ್ಕೆ. ಸುಳ್ಳು ಹೇಳಲೂ ಅಭ್ಯಾಸ ಬೇಕು.

ನನ್ನ ಬಲಮಂಡಿಯ ಚಿಪ್ಪು ಮುರಿದಿದೆ. ಜುಲೈಯಲ್ಲಿ ಆಪರೇಷನ್ ಆಗಿ ತಂತಿ ಹಾಕಿದ್ದಾರೆ. ವಾಕರ್ ಹಿಡಿದು ಬಚ್ಚಲಿಗೆ ಹೋಗುವುದೇ ನನಗೀಗ ದೂರಪ್ರಯಾಣ. ಹೇಗೆ ಬಿದ್ದೆ ಎಂದು ಕೇಳಬೇಡಿ ಎನ್ನಬೇಕೆಂದಿದ್ದೆ. ಆದರೆ ನಿಮಗಲ್ಲದೆ ಇನ್ಯಾರಿಗೆ ಹೇಳಲಿ? ‘ನಾನೂ ಒಮ್ಮೆ ನೋಡಿಯೇಬಿಡುತ್ತೇನೆ’ ಎಂದು ಬರೆದಿದ್ದೆನಲ್ಲ, ಆ ಕಾಗದ ಅಂಚೆಗೆ ಹಾಕಿ ಬಂದ ಮಧ್ಯಾಹ್ನವೇ ನೋಡಿದೆ. ಮನೆಯಲ್ಲಿ ಯಾರೂ ಇರಲಿಲ್ಲ. ಕಿಟಕಿಯ ಸರಳು ಹಿಡಿದು, ವಿಡಿಯೋದಲ್ಲಿ ಮಗಳು ಮಾಡಿದ ಹಾಗೆಯೇ, ಹೊಟ್ಟೆಯೊಳಗೆ ಒಂದು ಕೂಸಿದೆ ಎಂದುಕೊಂಡು ಕುಕ್ಕರಗಾಲಲ್ಲಿ ಕೂತೆ. ಅವಳಿಗೆ ಎಷ್ಟು ಕಷ್ಟವಾಗುತ್ತದೋ ತಿಳಿಯಬೇಕಿತ್ತು. ಕೂತದ್ದೇನೋ ಆಯಿತು. ಏಳುವಾಗ ಕೈ ಜಾರಿತು, ಮಂಡಿ ಮೊಸಾಯಿಕ್ ನೆಲಕ್ಕೆ ಬಡಿಯಿತು. ಅರವತ್ತೊಂದರ ಹೆಂಗಸು ಬಸುರಿಯರ ಕಸರತ್ತು ಮಾಡಿ ಬಿದ್ದಳು ಎಂದು ಡಾಕ್ಟರಿಗೆ ಹೇಗೆ ಹೇಳುವುದು? ಸ್ಟೂಲ್ ಜಾರಿತು ಎಂದೆ. ಇವರಿಗೂ ಅದನ್ನೇ ಹೇಳಿದ್ದೇನೆ.

ಧಾತ್ರಿಗೆ ಕಾಲು ಮುರಿದ ವಿಷಯವೇ ಗೊತ್ತಿಲ್ಲ. ವಿಡಿಯೋ ಕಾಲ್‌ನಲ್ಲಿ ಮುಖ ಮಾತ್ರ ತೋರಿಸುತ್ತೇನೆ. ಗೊತ್ತಾದರೆ ಓಡಿ ಬರುತ್ತಾಳೆ. ಹೇಗೆ ಬಿದ್ದೆ ಎಂದು ಗೊತ್ತಾದರೆ ಹೆದರಿ ಕ್ಲಾಸ್ ಬಿಡುತ್ತಾಳೆ. ಮೊದಲು ನಿಲ್ಲಿಸಿ ಎಂದವಳೂ ನಾನೇ, ಈಗ ಬಿಡಬಾರದು ಎನ್ನುವವಳೂ ನಾನೇ. ದಿನಾ ಫಿಸಿಯೋಥೆರಪಿ ಹುಡುಗಿ ಬಂದು ನನ್ನ ಕಾಲು ಎತ್ತಿಸುತ್ತಾಳೆ. ಸುಮ್ಮನೆ ಮಲಗಿದ್ದರಿಂದ ಕಾಲು ಹೇಗೆ ಕಡ್ಡಿಯಾಗಿದೆ ನೋಡಿ ಎಂದು ತೋರಿಸಿದಳು. ಮೈಯನ್ನು ಆಡಿಸದಿದ್ದರೆ ಅದು ಮರೆತುಬಿಡುತ್ತದೆ ಎಂಬುದು ನನಗೆ ಈಗ ತಿಳಿಯಿತು.

‘ಆಂಟಿ, ನಿಮ್ಮ ಗುರಿ ಏನು? ಮೆಟ್ಟಿಲು ಹತ್ತುವುದೇ?’ ಎಂದು ಕೇಳಿದಳು. ಮಣೆಯ ಮೇಲೆ ಕಾಲು ನೀಡಿ ಕೂತು, ಕಾಲ ಮೇಲೆ ಮೊಮ್ಮಗುವನ್ನು ಮಲಗಿಸಿ ನೀರು ಹಾಕಬೇಕು ಎಂದೆ. ಇಂಥ ಗುರಿಗೆ ಪುಸ್ತಕದಲ್ಲಿ ವ್ಯಾಯಾಮ ಇಲ್ಲವಂತೆ, ಹೊಸದಾಗಿ ಹುಡುಕುತ್ತಿದ್ದಾಳೆ.

ಆ ಕೈ ನಿಮ್ಮದೆಂದು ಸೀಮಂತದ ಫೋಟೋ ಬಂದಾಗಲೇ ಗೊತ್ತಾಯಿತು. ಬಳೆ ತೊಡಿಸುವ ಕೈಮೇಲೆ ದೋಸೆ ಕಾವಲಿ ಸುಟ್ಟ ಕಲೆ, ವಿಡಿಯೋದಲ್ಲಿ ಕಂಡ ಕೈಮೇಲೂ ಅದೇ ಕಲೆ ಇದ್ದದ್ದು ನೆನಪಾಯಿತು. ಹೊಟ್ಟೆಕಿಚ್ಚು ಆಗಲಿಲ್ಲ ಎಂದರೆ ಸುಳ್ಳು. ತುಂಬ ಆಯಿತು. ಎರಡು ದಿನ ನಿಮ್ಮ ಹೆಸರೆತ್ತಿದಾಗಲೆಲ್ಲ ಇವರ ಮೇಲೆ ರೇಗಿದೆ. ಮೂರನೆಯ ದಿನ, ಆ ಕೈ ಬೇರೆ ಯಾರದ್ದೋ ಆಗಿದ್ದರೆ ನನಗೆ ನಿದ್ದೆ ಬರುತ್ತಿತ್ತೇ ಎಂದು ಯೋಚಿಸಿದೆ.

ಮದುವೆಯಲ್ಲಿ ಊಟ ಬಿಟ್ಟದ್ದು ನಿಮ್ಮ ಹೋಟೆಲಿನ ಮೇಲಿನ ತಿರಸ್ಕಾರದಿಂದಲ್ಲ. ಮಗಳು ಹೊರಡುತ್ತಾಳಲ್ಲ ಎಂದು ಗಂಟಲಲ್ಲಿ ಇಳಿಯಲಿಲ್ಲ, ಅಷ್ಟೇ.

ಹೆರಿಗೆ ಕೋಣೆಗೆ ಒಬ್ಬರನ್ನೇ ಬಿಡುತ್ತಾರಂತೆ. ನೀವು ಹೋಗಿ. ಇದನ್ನು ಬರೆಯಲು ಎರಡು ಹಾಳೆ ಹರಿದಿದ್ದೇನೆ.

ನಿಮ್ಮ,
ಕೌಸಲ್ಯಾ


ಬೊರಿವಲಿ
೧೬ ಸೆಪ್ಟೆಂಬರ್ ೨೦೨೪

ಕೌಸಲ್ಯಕ್ಕ,

ಇನ್ನು ಹೀಗೇ ಕರೆಯುತ್ತೇನೆ, ಆಗದಿದ್ದರೆ ಹೇಳಿ. ನಿಮ್ಮ ಕಾಗದ ಓದಿ ಹೋಟೆಲಿನ ಒಳಕೋಣೆಯಲ್ಲಿ ನಾನು ನಕ್ಕ ನಗೆಗೆ ಯಜಮಾನರು ಗಲ್ಲಾ ಬಿಟ್ಟು ಓಡಿ ಬಂದರು. ಬಂದು ನೋಡಿದರೆ ಕಣ್ಣಲ್ಲಿ ನೀರು. ಎಂತ ಮಾರಾಯ್ತಿ, ಅಳುವುದೋ ನಗುವುದೋ ಒಂದು ಮಾಡು ಎಂದರು. ಜ್ವರದ ಬಗ್ಗೆ ಬರೆದದ್ದಕ್ಕೆ ನನ್ನ ಬಾಯಿಗೆ ಮೆಣಸಿನಪುಡಿ ಹಾಕಬೇಕು.

ಧಾತ್ರಿಗೆ ನಾನು ಹೇಳುವುದಿಲ್ಲ. ಅವಳು ಚೆನ್ನಾಗಿದ್ದಾಳೆ. ಈಗ ಮನೆಯಿಂದಲೇ ಕೆಲಸ. ಸಂಜೆ ಬಿಲ್ಡಿಂಗಿನ ಸುತ್ತ ನಾವಿಬ್ಬರೂ ನಡೆಯುತ್ತೇವೆ. ವಾಚ್‌ಮ್ಯಾನ್ ನನ್ನನ್ನು ನೋಡಿ, ‘ಆಂಟಿ ಸಪೂರ ಆದರು’ ಎಂದ. ಹೊಟ್ಟೆ ಅವಳದ್ದು, ಹೊಗಳಿಕೆ ನನಗೆ.

ಒಂದೇ ಅಳುಕು. ನಾರ್ಮಲ್ ಹೆರಿಗೆ ಆಗಲೇಬೇಕು ಎಂದು ಹಟ ಹಿಡಿದಿದ್ದಾಳೆ. ಇಷ್ಟು ಮಾಡಿದ ಮೇಲೆ ಆಗದೆ ಏನು ಎನ್ನುತ್ತಾಳೆ. ‘ವ್ಯಾಯಾಮ ನಿನ್ನನ್ನು ಗಟ್ಟಿ ಮಾಡುತ್ತದೆ, ಮಗು ಹೇಗೆ ಬರಬೇಕೆಂದು ಬರೆದುಕೊಡುವುದಿಲ್ಲ’ ಎಂದು ಶುಭಾ ಮೇಡಂ ಎಲ್ಲರೆದುರೇ ಹೇಳಿದರು. ಇವಳು ತಲೆಯಾಡಿಸಿದಳು. ಕೇಳಿಸಿಕೊಂಡಳೆಂದು ನನಗೆ ಅನಿಸಲಿಲ್ಲ.

ಕಾಲು ಎತ್ತಿಸಿ, ಬಿಡಬೇಡಿ. ಮಣೆ ಹುಡುಕಿಟ್ಟಿದ್ದೇನೆ.

ವಾರಿಜಾ


ಬೊರಿವಲಿ
೨೭ ಅಕ್ಟೋಬರ್ ೨೦೨೪

ಕೌಸಲ್ಯಕ್ಕ,

ಫೋನಿನಲ್ಲಿ ಹೇಳಿದ್ದು ನಿಮಗೆ ಗೊತ್ತು. ಹೆಣ್ಣು ಮಗು, ಆಪರೇಷನ್ ಆಯಿತು, ಇಬ್ಬರೂ ಕ್ಷೇಮ. ಹೇಳಲಾಗದೆ ಉಳಿದದ್ದನ್ನು ಬರೆಯುತ್ತಿದ್ದೇನೆ.

ಗುರುವಾರ ಬೆಳಿಗ್ಗೆ ನೋವು ಶುರುವಾಯಿತು. ನಿಮ್ಮ ಮಗಳನ್ನು ನೀವು ನೋಡಬೇಕಿತ್ತು ಅಕ್ಕ. ಕಿರುಚಲಿಲ್ಲ. ನೋವು ಬಂದಾಗ ನನ್ನ ಕೈ ಹಿಡಿದು ಕೂರುವಳು, ಉದ್ದ ಉಸಿರು ಬಿಡುವಳು, ಏಳುವಳು, ಮತ್ತೆ ಕಾರಿಡಾರಿನಲ್ಲಿ ನಡೆಯುವಳು. ನನಗೆ ಹೆಮ್ಮೆಯಿಂದ ಎದೆ ಉಬ್ಬಿತ್ತು. ಮಧ್ಯಾಹ್ನದ ಹೊತ್ತಿಗೆ ಮಿಷನ್‌ನಲ್ಲಿ ಮಗುವಿನ ಎದೆಬಡಿತ ಪ್ರತಿ ನೋವಿಗೂ ಇಳಿಯತೊಡಗಿತು. ಡಾಕ್ಟರಮ್ಮ ಕಾಯಲಿಲ್ಲ. ಆಪರೇಷನ್ ಬಾಗಿಲಿನವರೆಗೆ ಅವಳ ಕೈ ನನ್ನ ಕೈಯಲ್ಲಿತ್ತು. ಅಲ್ಲಿ ಬಿಡಿಸಿದರು. ಇಷ್ಟು ತಿಂಗಳು ಒಮ್ಮೆಯೂ ಬಿಡದ ಕೈ.

ಕರುಳಬಳ್ಳಿ ಕುತ್ತಿಗೆಗೆ ಬಿಗಿಯಾಗಿ ಸುತ್ತಿತ್ತಂತೆ. ಯಾರೂ ಮಾಡಿದ್ದಲ್ಲ, ವ್ಯಾಯಾಮದಿಂದ ಆದದ್ದೂ ಅಲ್ಲ, ಹೀಗೆ ಆಗುವುದುಂಟು ಎಂದರು ಡಾಕ್ಟರು. ನಾನು ಮತ್ತೆ ಮತ್ತೆ ಕೇಳಿದೆ. ಮರುದಿನವೇ ಅವಳು ಎದ್ದು ನಿಂತಳು. ಕಾಲಿನ ಬಲ ಚೆನ್ನಾಗಿದೆ ಎಂದು ನರ್ಸ್ ಕೂಡ ಹೇಳಿದಳು.

ಆದರೆ ಅವಳು ಗೋಡೆಯ ಕಡೆ ಮುಖ ಮಾಡಿ ಮಲಗುತ್ತಾಳೆ. ನಿನ್ನೆ ‘ಅತ್ತೆ, ಅಷ್ಟೆಲ್ಲ ಮಾಡಿದ್ದು ಸುಮ್ಮನೆ ಆಯ್ತಲ್ಲ? ಅಮ್ಮನಿಗೆ ಮೊದಲಿಂದ ಇಷ್ಟ ಇರಲಿಲ್ಲ, ನಂಗೊತ್ತು. ಅವರೇ ಸರಿ’ ಎಂದಳು. ಜಗತ್ತಿಗೆಲ್ಲ ಉತ್ತರ ಕೊಡುವ ಬಾಯಿ ನನ್ನದು, ಆಗ ಮಗುವಿನ ಬಟ್ಟೆ ಮಡಿಸುತ್ತಾ ಕೂತೆ. ಹಟ ಹತ್ತಿಸಿದವಳು ನಾನೇ ಏನೋ.

ನೀವು ಬನ್ನಿ. ನನ್ನಿಂದ ಆಗುತ್ತಿಲ್ಲ.

ವಾರಿಜಾ


ಬೊರಿವಲಿ, ನಿಮ್ಮ ಮನೆಯ ಹಾಲ್
೧೨ ನವೆಂಬರ್ ೨೦೨೪

ಪ್ರಿಯ ವಾರಿಜಾ,

ಇದಕ್ಕೆ ಅಂಚೆಚೀಟಿ ಇಲ್ಲ. ನೀವು ಸಂಜೆ ಹೋಟೆಲಿನಿಂದ ಬಂದು ಮೊದಲು ಮುಟ್ಟುವುದು ಚಹಾಪುಡಿಯ ಡಬ್ಬಿ, ಅದರ ಕೆಳಗೆ ಇಡುತ್ತೇನೆ. ಒಂದೇ ಮನೆಯಲ್ಲಿದ್ದುಕೊಂಡು ಕಾಗದ ಬರೆಯುವುದಾ ಎನ್ನಬೇಡಿ. ಒಂದು ವಾರದಿಂದ ನೀವು ಮಾತಿಗೆ ಸಿಗುತ್ತಿಲ್ಲ. ನಾನು ಬಂದ ಮರುದಿನದಿಂದ ಬೆಳಗಾಗುವ ಮೊದಲೇ ಹೋಟೆಲಿಗೆ ಓಡುತ್ತೀರಿ. ‘ತವರಿನವರು ಬಂದ ಮೇಲೆ ನಾನೆಂತಕ್ಕೆ?’ ಎಂದು ನಿಮ್ಮ ಯಜಮಾನರ ಹತ್ತಿರ ಹೇಳಿದಿರಂತೆ. ಚೆನ್ನಯನವರ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ ಎಂದು ನಿಮಗೆ ಗೊತ್ತಿರಬೇಕಿತ್ತು.

ನಾನು ಬಂದ ದಿನ ನಿಮ್ಮ ಬಿಲ್ಡಿಂಗಿನ ಲಿಫ್ಟ್ ಕೆಟ್ಟಿತ್ತು. ಮೂರು ಮಹಡಿ. ‘ಉಸಿರು ಬಿಡಿ ಅಕ್ಕ, ಒಳ್ಳೆ ಕಾಲು ಮೊದಲು’ ಎನ್ನುತ್ತಾ ನೀವು ಜೊತೆಗೆ ಹತ್ತಿದಿರಿ. ಮೇಲೆ ಬಾಗಿಲಲ್ಲಿ ಧಾತ್ರಿ ನಿಂತಿದ್ದಳು. ನನ್ನ ಕೋಲು ನೋಡಿದಳು. ‘ಅಮ್ಮಾ, ಇದೇನು?’ ಎಂದಳು. ಆಗ ನೀವು ಮೆತ್ತಗೆ ಅಡಿಗೆಮನೆಗೆ ಜಾರಿದಿರಿ. ಆಮೇಲೆ ಏನಾಯಿತೆಂದು ನಿಮಗೆ ಯಾರೂ ಹೇಳಿಲ್ಲ, ನೀವು ಕೇಳಲೂ ಇಲ್ಲ.

ನಾನು ಎಲ್ಲ ಹೇಳಿದೆ. ಕಿಟಕಿ ಸರಳು, ಮೊಸಾಯಿಕ್, ಸ್ಟೂಲಿನ ಸುಳ್ಳು. ಅವಳು ದಿಂಬನ್ನು ಹೊಟ್ಟೆಯ ಹೊಲಿಗೆಗೆ ಒತ್ತಿಕೊಂಡು ನಕ್ಕಳು. ‘ನಗಿಸಬೇಡಮ್ಮ, ನೋಯುತ್ತೆ’ ಎನ್ನುತ್ತಾ ಮತ್ತೆ ನಕ್ಕಳು. ಆಮೇಲೆ ನನ್ನ ಸೀರೆ ಸರಿಸಿ ಮಂಡಿಯ ಗಾಯದ ಗೆರೆ ಮುಟ್ಟಿ ನೋಡಿದಳು.

‘ನಿಂಗೆ ಇಷ್ಟ ಇರಲಿಲ್ಲ ಅಲ್ವಾ? ಮತ್ತೆ ಯಾಕೆ ಮಾಡಿದೆ?’

‘ನೀನು ಮಾಡ್ತಿದ್ದೆಯಲ್ಲ, ಅದಕ್ಕೆ.’

ನನ್ನ ಸೀರೆಯನ್ನು ಮತ್ತೆ ಮಂಡಿಯ ಮೇಲೆ ಎಳೆದಳು. ‘ನಾನು ಅಷ್ಟು ದಿನ ಮಾಡಿ ಏನು ಬಂತಮ್ಮ?’ ಎಂದಳು.

ವಾರಿಜಾ, ರೈಲಿನಲ್ಲಿ ದಾದರಿನವರೆಗೂ ಇದಕ್ಕೆ ಏನು ಉತ್ತರ ಕೊಡುವುದೆಂದು ಯೋಚಿಸಿಕೊಂಡೇ ಬಂದಿದ್ದೆ. ಯೋಚಿಸಿದ್ದೆಲ್ಲ ಮರೆತುಹೋಗಿ, ಬಾಯಿಗೆ ಬಂದದ್ದನ್ನು ಹೇಳಿದೆ. ‘ನಾನು ಒಂದೇ ದಿನ ಮಾಡಿದೆ, ಬಿದ್ದೆ. ನೀನು ಅಷ್ಟು ತಿಂಗಳು ಮಾಡಿದೆ, ಒಂದು ದಿನವೂ ಬೀಳಲಿಲ್ಲ. ನಿನ್ನ ಎದುರು ಕೈ ಹಿಡಿದು ನಿಂತವರು ಇದ್ದರು ಕಣೆ. ನನಗೆ ಇದ್ದದ್ದು ಕಿಟಕಿ ಸರಳು.’

ಅವಳು ಅತ್ತಳು. ತುಂಬ ಹೊತ್ತು, ಜೋರಾಗಿ, ನಲ್ಲಿ ಬಿಡದೆ ಅತ್ತಳು. ಮಗು ಎದ್ದಿತು. ಎತ್ತಿ ಕೊಟ್ಟೆ. ಅಂದಿನಿಂದ ಅವಳು ಗೋಡೆಯ ಕಡೆ ತಿರುಗಿ ಮಲಗಿಲ್ಲ, ನೀವು ಮನೆಯಲ್ಲಿದ್ದಿದ್ದರೆ ನೋಡುತ್ತಿದ್ದಿರಿ. ‘ಅತ್ತೆ ಯಾಕೆ ಬೇಗ ಹೋಗ್ತಾರೆ? ನನ್ನ ಮೇಲೆ ಬೇಜಾರಾ?’ ಎಂದು ದಿನಾ ಕೇಳುತ್ತಾಳೆ.

ಇಂದು ಬೆಳಿಗ್ಗೆ ಮಗುವಿನ ಹೊಕ್ಕುಳು ಪೂರ್ತಿ ಒಣಗಿದೆ, ನೀರು ಹಾಕಬಹುದು ಎಂದರು ಡಾಕ್ಟರು. ಇಲ್ಲಿಯವರೆಗೆ ಒದ್ದೆಬಟ್ಟೆಯಲ್ಲಿ ಒರೆಸಿದ್ದಷ್ಟೇ. ನಾಳೆ ಮೊದಲ ಎಣ್ಣೆನೀರು. ಮಧ್ಯಾಹ್ನ ನೀವು ಹುಡುಕಿಟ್ಟ ಮಣೆ ಬಚ್ಚಲಲ್ಲಿ ಹಾಕಿ, ಒಂದು ಸಲ ಕೂತು ನೋಡೋಣ ಎಂದುಕೊಂಡೆ. ಕೂತೆ! ಕಾಲು ನೀಡಿದರೆ ಎರಡೂ ನೆಟ್ಟಗೆ ನಿಂತವು. ಮಡಿಸಲು ಬಾರದ ಮಂಡಿಗೆ ನೀಡುವ ಕೆಲಸವೇ ಸಿಕ್ಕಿತಲ್ಲ ಎಂದು ಒಬ್ಬಳೇ ಖುಷಿಪಟ್ಟೆ. ಆದರೆ ಏಳಲು ಆಗಲಿಲ್ಲ. ಧಾತ್ರಿಯ ಹೊಲಿಗೆ ಇನ್ನೂ ಹಸಿ, ಅವಳು ಎತ್ತುವ ಹಾಗಿಲ್ಲ. ಹಿತೇಶ ಊಟಕ್ಕೆ ಬರುವವರೆಗೂ ಬಚ್ಚಲಲ್ಲೇ ಕೂತಿದ್ದೆ. ಪಾಪ, ನನ್ನನ್ನು ಎಬ್ಬಿಸುವಾಗ ನಿಮ್ಮ ಮಗನಿಗೇ ಗ್ಲೂಕೋಸ್ ಬೇಕಾಗುತ್ತದೇನೋ ಎಂದು ನನಗೆ ದಿಗಿಲು.

ಆದ್ದರಿಂದ ನಾಳೆ ಬೆಳಿಗ್ಗೆ ಹೋಟೆಲಿಗೆ ಓಡಬೇಡಿ. ನಾಳಿದ್ದೂ ಬೇಡ. ಮೊಮ್ಮಗಳನ್ನು ಕಾಲ ಮೇಲೆ ಹಾಕಿಕೊಂಡು ನಾನು ಕೂರಬಲ್ಲೆ, ಏಳಲಾರೆ. ನೀವು ನೀರು ಹೊಯ್ಯಿರಿ, ನಾನು ತಿಕ್ಕುತ್ತೇನೆ. ಆಮೇಲೆ ಮಗುವನ್ನು ಧಾತ್ರಿಯ ಮಡಿಲಿಗೆ ಕೊಟ್ಟು ಬಂದು, ನನ್ನ ಎದುರು ನಿಂತು, ಎರಡೂ ಕೈ ಹಿಡಿಯಿರಿ.

ನಿಮ್ಮ ಅಕ್ಕ,
ಕೌಸಲ್ಯಾ